ಎರೆಮಣ್ಣು, ಸಿಮೆಂಟ್ ಧೂಳು, ಬೋರಿನ ನೀರು: ಕಲಬುರಗಿಯಲ್ಲಿ ಕಾರನ್ನು ಯಾವ ಮಶೀನಿಗೆ ಕೊಡಬೇಕು?

ಜೇವರ್ಗಿ ಕಡೆ ಹೊಲಕ್ಕೆ ಹೋಗಿ ಬಂದ ಗಾಡಿ, ವಾಡಿ–ಮಳಖೇಡ ಕಡೆ ಸಿಮೆಂಟ್ ಲಾರಿಗಳ ಹಿಂದೆ ಓಡಿ ಬಂದ ಗಾಡಿ, ಹುಮನಾಬಾದ್ ಮೇಲೆ ರಾತ್ರಿಯೆಲ್ಲ ಹೈವೇ ಹಿಡಿದು ಹೈದರಾಬಾದಿನಿಂದ ಬಂದ ಗಾಡಿ. ಮೂರೂ ಹೊಲಸೇ, ಆದರೆ ಒಂದರ ಹೊಲಸು ಇನ್ನೊಂದರ ಹಾಗಲ್ಲ. ನಾವು ಮಾತ್ರ ಮೂರನ್ನೂ ಒಂದೇ ಕಡೆ ಒಯ್ದು ನಿಲ್ಲಿಸಿ “ಮಸ್ತ್ ತೊಳಿ ತಮ್ಮಾ” ಅಂದು ಚಾ ಕುಡಿಯಲು ಹೋಗುತ್ತೇವೆ.

“ಬ್ರಶ್ ಇರೋ ಮಶೀನು ಚೊಲೋನೋ, ಬ್ರಶ್ ಇಲ್ಲದ್ದೋ?” ಎಂದು ಗೆಳೆಯರು ಕೇಳುತ್ತಿರುತ್ತಾರೆ. ಗಾಡಿ ಮೇಲೆ ಏನು ಕೂತಿದೆ ಅಂತ ಹೇಳದೆ ಇದಕ್ಕೆ ಉತ್ತರ ಕೊಡಲು ಬರುವುದಿಲ್ಲ. ನಾನು ಇದನ್ನು ಕಲಿತದ್ದು ದುಡ್ಡು ಕಳೆದುಕೊಂಡು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ತೊಗರಿ ನೋಡಲು ಹೊಲಕ್ಕೆ ಹೋಗಿದ್ದೆ. ಬಾಗಿಲ ಅರ್ಧದವರೆಗೆ ರಾಡಿ ಸಿಡಿದಿತ್ತು. ಮೂರು ದಿನ ಹಾಗೇ ಬಿಟ್ಟೆ, ಒಣಗಿತು. ಭಾನುವಾರ ದೊಡ್ಡ ಬ್ರಶ್ ತಿರುಗುವ ಮಶೀನಿಗೆ ಕೊಟ್ಟೆ. ಹತ್ತು ನಿಮಿಷದಲ್ಲಿ ಗಾಡಿ ಕನ್ನಡಿ ಹಾಗೆ ಹೊರಗೆ ಬಂತು. ಅವತ್ತು ರಾತ್ರಿ ಪೆಟ್ರೋಲ್ ಬಂಕಿನ ಬಿಳಿ ಲೈಟಿನ ಕೆಳಗೆ ನಿಂತಾಗ ನೋಡಿದರೆ, ಕಡುನೀಲಿ ಬಣ್ಣದ ಮೇಲೆ ಜೇಡರ ಬಲೆಯಂಥ ಸಣ್ಣ ಸಣ್ಣ ಗೆರೆ, ಅದೂ ರಾಡಿ ಹತ್ತಿದ್ದ ಕೆಳಭಾಗದಲ್ಲೇ ಹೆಚ್ಚು. ಗಾಡಿಗೆ ಮೊದಲು ನೀರು ಹೊಡೆಯದೆ ಬ್ರಶ್ ಬಿಟ್ಟವರದು ಅರ್ಧ ತಪ್ಪು, ಒಣಗಿಸಿ ತಂದುಕೊಟ್ಟ ನನ್ನದು ಇನ್ನರ್ಧ.

ಮೊದಲು ಕೊಳೆ ಗುರುತಿಸಿ

ಮನೆ ಬಿಡುವ ಮುಂಚೆ ಒಂದು ಚರಗಿ ನೀರು ತೆಗೆದುಕೊಂಡು ಬಾಗಿಲ ಕೆಳಭಾಗಕ್ಕೆ ನಿಧಾನಕ್ಕೆ ಸುರಿಯಿರಿ. ನೀರಿನ ಜೊತೆ ಧೂಳು ಇಳಿದು ಬಣ್ಣ ಕಂಡರೆ ಅದು ಬಿಡಿ ಧೂಳು, ಯಾವ ಮಶೀನಿಗೂ ಹೆಚ್ಚು ತೊಂದರೆಯಿಲ್ಲ. ನೀರು ಮೇಲಿನಿಂದ ಜಾರಿಹೋಗಿ ಪದರ ಹಾಗೇ ಉಳಿದರೆ ಅದು ಕಚ್ಚಿಕೊಂಡ ಕೊಳೆ. ಬೆರಳಿನಿಂದ ಒರೆಸಿ ನೋಡುವ ಚಟ ಬೇಡ. ಓಣಿಯ ಹುಡುಗರು ಹಿಂದಿನ ಗಾಜಿನ ಮೇಲೆ ಧೂಳಿನಲ್ಲಿ ಹೆಸರು ಬರೆದರೆ ಒರೆಸಿದರೆ ಹೋಗುತ್ತದೆ. ಅದೇ ಹೆಸರನ್ನು ಡಿಕ್ಕಿಯ ಬಣ್ಣದ ಮೇಲೆ ಬರೆದರೆ ತೊಳೆದ ಮೇಲೂ ಓದಬಹುದು.

ನಮ್ಮ ಎರೆಮಣ್ಣಿನ ಸ್ವಭಾವ ರೈತರಿಗೆ ಹೇಳಿಕೊಡಬೇಕಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಕಾಲು ಸಿಗುವಷ್ಟು ಅಗಲದ ಬಿರುಕು ಬಿಡುವ ಮಣ್ಣೇ ಚಕ್ರದ ಮೇಲಿನ ಮಡ್‌ಗಾರ್ಡಿನೊಳಗೂ ಸೇರಿ ಇಟ್ಟಿಗೆಯಾಗುತ್ತದೆ. ಇದನ್ನು ಯಾವ ಮಶೀನೂ ಒಂದೇ ಸುತ್ತಿನಲ್ಲಿ ತೆಗೆಯುವುದಿಲ್ಲ. ನೆನೆಸಿದರೆ ಮಾತ್ರ ತಾನಾಗಿ ಬಿಡುತ್ತದೆ. ಹತ್ತು ನಿಮಿಷ ನೆನೆಯಲು ಬಿಟ್ಟರೆ ಆಗುವ ಕೆಲಸವನ್ನು ಬ್ರಶ್ ಹತ್ತು ಸೆಕೆಂಡಿನಲ್ಲಿ ಮಾಡಲು ಹೋಗಿ ಬಣ್ಣ ತಿನ್ನುತ್ತದೆ.

ಸಿಮೆಂಟ್ ಧೂಳಿನ ಕಥೆ ಬೇರೆ. ಚಿತ್ತಾಪುರ, ಸೇಡಂ ಕಡೆ ನೌಕರಿಗೆ ದಿನಾ ಓಡಾಡುವವರಿಗೆ ಇದು ಗೊತ್ತು. ಒಣಗಿದ್ದಾಗ ಅದು ಬರೀ ಪುಡಿ. ಆದರೆ ಚಳಿಗಾಲದ ರಾತ್ರಿ ಗಾಡಿ ಹೊರಗೆ ನಿಂತು ಮೇಲೆ ಇಬ್ಬನಿ ಬಿದ್ದರೆ ಸಿಮೆಂಟು ತನ್ನ ಕೆಲಸ ಶುರುಮಾಡುತ್ತದೆ, ಗಟ್ಟಿಯಾಗುತ್ತದೆ. ಜೊತೆಗೆ ಅದು ಕ್ಷಾರ, ಬಣ್ಣದ ಹೊಳಪನ್ನು ಮಂಕು ಮಾಡುತ್ತದೆ. ಹಾಗಾಗಿ ಈ ಧೂಳಿಗೆ ಅರ್ಧಂಬರ್ಧ ನೀರು ಚಿಮುಕಿಸಿ ಬಟ್ಟೆಯಿಂದ ಒರೆಸುವಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ. ಹಾಕಿದರೆ ಧಾರಾಳ ನೀರು ಹಾಕಬೇಕು, ಇಲ್ಲವೇ ಮೊದಲು ಗಾಳಿ ಹೊಡೆದು ಹಾರಿಸಬೇಕು. ಗಟ್ಟಿಯಾಗಿಬಿಟ್ಟಿದ್ದರೆ ಅಷ್ಟಕ್ಕಷ್ಟು ನೀರು ಬೆರೆಸಿದ ವಿನೆಗರ್‌ನಲ್ಲಿ ಬಟ್ಟೆ ಅದ್ದಿ, ತಣ್ಣಗಿರುವ ಜಾಗದಲ್ಲಿ ಒಂದು ಮೂಲೆ ಮಾತ್ರ ಪರೀಕ್ಷಿಸಿ, ಒಂದೆರಡು ನಿಮಿಷದಲ್ಲಿ ತೊಳೆದುಬಿಡಿ. ಅದಕ್ಕೂ ಬಗ್ಗದಿದ್ದರೆ ಡಿಟೇಲಿಂಗ್ (ಗಾಡಿಯನ್ನು ಕೈಯಿಂದ ಸೂಕ್ಷ್ಮವಾಗಿ ಶುಚಿಮಾಡಿ ಪಾಲಿಶ್ ಮಾಡುವ ಕೆಲಸ) ಮಾಡುವವರ ಹತ್ತಿರ ಹೋಗಬೇಕು, ಮಶೀನಿನ ಹತ್ತಿರ ಅಲ್ಲ.

ಹೈವೇಯಲ್ಲಿ ಮುಂದಿನ ಬಂಪರಿಗೆ ಬಡಿದ ಹುಳ, ಬೇವಿನ ಮರದ ಕೆಳಗೆ ನಿಲ್ಲಿಸಿದಾಗ ಬಿದ್ದ ಹಕ್ಕಿ ಹಿಕ್ಕೆ, ಇವೆರಡೂ ಬಿಸಿಲಿಗೆ ಬೆಂದು ಬಣ್ಣ ಸುಡುತ್ತವೆ. ವಾಶ್‌ಗೆ ಕಾಯದೆ ಅವತ್ತೇ ಒದ್ದೆ ಬಟ್ಟೆ ಹೊದಿಸಿ ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ, ಉಜ್ಜಬೇಡಿ.

ಇಷ್ಟೊಂದು ಜೋಪಾನ ಏಕೆಂದರೆ, ಈಗಿನ ಕಾರುಗಳ ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ. ನಮ್ಮ ತಲೆಕೂದಲು ಅದಕ್ಕಿಂತ ದಪ್ಪ. ಗೆರೆ ಹೋಗಿಸಲು ಮಾಡುವ ಪ್ರತಿ ಪಾಲಿಶೂ ಈ ಪದರವನ್ನೇ ಸ್ವಲ್ಪ ಸ್ವಲ್ಪ ಉಜ್ಜಿ ತೆಗೆಯುತ್ತದೆ. ಒಮ್ಮೆ ಹೋದದ್ದು ತಿರುಗಿ ಬರುವುದಿಲ್ಲ.

ಮಶೀನುಗಳ ಜಾತಿ

ನಮ್ಮೂರಲ್ಲಿ ಹೆಚ್ಚಾಗಿ ಕಾಣುವುದು ರ‍್ಯಾಂಪ್ ಅಥವಾ ಹೈಡ್ರಾಲಿಕ್ ಲಿಫ್ಟ್ ಮೇಲೆ ಏರಿಸಿ ಪ್ರೆಶರ್ ಗನ್ನಿನಿಂದ ತೊಳೆಯುವ ವಾಷಿಂಗ್ ಸೆಂಟರು. ಇದು ಆಟೋಮ್ಯಾಟಿಕ್ ಅಲ್ಲ, ಆದರೂ ಇದನ್ನು ಬಿಟ್ಟು ಹೋಲಿಕೆ ಮಾಡಲಾಗದು. ಗಾಡಿಯ ಹೊಟ್ಟೆ ತೊಳೆಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಎರೆಮಣ್ಣಿನ ರಾಡಿಗೆ ನನ್ನ ವೋಟು ಇದಕ್ಕೇ. ತೊಂದರೆ ಏನಿದ್ದರೂ ಕೈಯದ್ದು: ಚಕ್ರ ಒರೆಸಿದ ಅರಿವೆಯನ್ನೇ ಬಾನೆಟ್ಟಿಗೆ ಹಚ್ಚುವುದು, ನೆಲಕ್ಕೆ ಬಿದ್ದ ಸ್ಪಾಂಜನ್ನು ಝಾಡಿಸಿ ಮತ್ತೆ ಬಳಸುವುದು, ಶಾಂಪೂ ಬದಲು ಬಟ್ಟೆ ತೊಳೆಯುವ ಪೌಡರ್ ಕಲಸುವುದು.

ಎರಡನೆಯದು ಸುತ್ತುವ ಬ್ರಶ್ಶಿನ ಮಶೀನು. ಗಾಡಿ ನಿಂತಲ್ಲೇ ನಿಂತಿರುತ್ತದೆ, ಕಮಾನಿನಂಥ ಚೌಕಟ್ಟು ಹಳಿಯ ಮೇಲೆ ಮುಂದೆ ಹಿಂದೆ ಓಡಾಡುತ್ತದೆ. ಎರಡು ಪಕ್ಕದಲ್ಲಿ ನಿಂತ ಬ್ರಶ್, ಮೇಲೊಂದು ಅಡ್ಡ ಬ್ರಶ್. ಹಳೆಯ ಮಶೀನುಗಳಲ್ಲಿ ನೈಲಾನ್ ಎಳೆ, ಹೊಸದರಲ್ಲಿ ಮೆತ್ತನೆಯ ಫೋಮ್ ಪಟ್ಟಿ ಅಥವಾ ಬಟ್ಟೆ. ಈ ವ್ಯತ್ಯಾಸ ಸಣ್ಣದಲ್ಲ. ಒಳ್ಳೆಯ ಫೋಮ್ ನೀರು ಹೀರುವುದಿಲ್ಲ, ಮರಳೂ ಅದರೊಳಗೆ ಇಳಿಯುವುದಿಲ್ಲ, ತೊಳೆದರೆ ಬಿದ್ದುಹೋಗುತ್ತದೆ. ನೈಲಾನ್ ಎಳೆಗಳ ಸಂದಿಯಲ್ಲಿ ಮಾತ್ರ ಹಿಂದಿನ ಗಾಡಿಯ ಮರಳು ನಿಮಗಾಗಿ ಕಾಯುತ್ತ ಕೂತಿರುತ್ತದೆ.

ಟನೆಲ್ ವಾಶ್ ದೊಡ್ಡ ಊರುಗಳ ಮಾತು. ಇಲ್ಲಿ ಗಾಡಿಯನ್ನೇ ಸರಪಳಿಯ ಪಟ್ಟಿ ಎಳೆದುಕೊಂಡು ಹೋಗುತ್ತದೆ, ಒಂದರ ಹಿಂದೊಂದು ಗಾಡಿ. ಬೇಗ ಮುಗಿಯುತ್ತದೆ. ಬ್ರಶ್ಶಿಗೆ ಹೇಳಿದ್ದೆಲ್ಲ ಇದಕ್ಕೂ ಅನ್ವಯ.

ಟಚ್‌ಲೆಸ್ ಎಂದರೆ ಗಾಡಿಗೆ ಏನೂ ತಾಕುವುದಿಲ್ಲ, ಬರೀ ರಾಸಾಯನಿಕದ ನೊರೆ ಮತ್ತು ಜೋರು ನೀರು. ಹೆಸರು ಕೇಳಿದರೆ ಇದೇ ಎಲ್ಲಕ್ಕಿಂತ ಸುರಕ್ಷಿತ ಅನಿಸುತ್ತದೆ, ಗೆರೆಯ ಮಟ್ಟಿಗೆ ಹೌದು ಕೂಡ. ಆದರೆ ಕೈ ಹಚ್ಚದೆ ಕೊಳೆ ಬಿಡಿಸಬೇಕೆಂದರೆ ನೊರೆ ಖಾರವಾಗಿರಬೇಕು, ಕ್ಷಾರ, ಕೆಲವು ಕಡೆ ಜೊತೆಗೆ ಆಮ್ಲವೂ. ನೀವು ಹಚ್ಚಿಸಿದ ವ್ಯಾಕ್ಸು ನಾಲ್ಕೈದು ಸಲಕ್ಕೇ ಹೊರಟುಹೋಗುತ್ತದೆ. ಇನ್ನೊಂದು, ನೀವೇ ನೋಡಿ: ಟಚ್‌ಲೆಸ್‌ನಿಂದ ಹೊರಬಂದ ಗಾಡಿ ಒಣಗಿದ ಮೇಲೆ ಬೆಳ್ಳಗಿನ ಅರಿವೆಯಿಂದ ಒರೆಸಿದರೆ ಅರಿವೆ ಕಂದು ಬಣ್ಣವಾಗುತ್ತದೆ. ಅತಿ ಸಣ್ಣ ಧೂಳಿನ ಒಂದು ಪೊರೆ ಉಳಿದೇ ಇರುತ್ತದೆ. ಅದನ್ನು ಹಾಗೆ ಒರೆಸಿದಿರೋ, ಬ್ರಶ್ಶಿಗೆ ಕೊಡದೆ ಉಳಿಸಿದ ಬಣ್ಣಕ್ಕೆ ನೀವೇ ಗೆರೆ ಎಳೆದಂತಾಯಿತು. ಟಚ್‌ಲೆಸ್ ಆದ ಮೇಲೆ ಗಾಳಿಯಿಂದಲೇ ಒಣಗಿಸಬೇಕು.

ಸ್ಟೀಮ್ ವಾಶ್ ಸೀಟು, ಎಸಿ ದ್ವಾರ, ಬಾಗಿಲ ಸಂದಿಗೆ ಚೆನ್ನ. ರಾಡಿ ಗಾಡಿಯ ಮೈಗೆ ಬೇಡ.

ಹತ್ತು ನಿಮಿಷ ನಿಂತು ನೋಡಿ

ಹೊಸ ಜಾಗಕ್ಕೆ ಹೋದರೆ ನೇರ ಗಾಡಿ ಒಳಗೆ ಬಿಡಬೇಡಿ. ಪಕ್ಕಕ್ಕೆ ನಿಲ್ಲಿಸಿ, ನಿಮ್ಮ ಮುಂದಿನ ಗಾಡಿ ತೊಳೆಯುವುದನ್ನು ನೋಡಿ. ನಾನು ನೋಡುವುದು ಮೂರು.

ಮಶೀನು ಶುರುವಾಗುವ ಮುಂಚೆ ಯಾರಾದರೂ ಗನ್ ಹಿಡಿದು ಚಕ್ರ, ಮಡ್‌ಗಾರ್ಡು, ಬಾಗಿಲ ಕೆಳಭಾಗಕ್ಕೆ ನೀರು ಹೊಡೆಯುತ್ತಾರೋ? ಹೊಡೆಯುವುದಿಲ್ಲವಾದರೆ ಬ್ರಶ್ ಎಷ್ಟೇ ಮೆತ್ತಗಿದ್ದರೂ ನಾನು ವಾಪಸು ತಿರುಗುತ್ತೇನೆ. ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಇದೊಂದೇ.

ಎರಡು, ಮುಂದಿನ ಗಾಡಿ ಯಾವುದು? ಹೊಲದಿಂದ ಬಂದ ಜೀಪು, ಮೈಯೆಲ್ಲ ಫರಸಿ (ಹಾಸುಗಲ್ಲು) ಖಣಿಯ ಪುಡಿ ಹೊತ್ತ ಪಿಕಪ್ ಅದೇ ಬ್ರಶ್ಶಿನಡಿ ಹಾದುಹೋದರೆ ಅದರ ಹಿಂದೆಯೇ ಹೋಗಬೇಡಿ. ಮುಂಜಾನೆ ಮೊದಲ ಗಾಡಿ ನಿಮ್ಮದಾಗಿದ್ದರೆ ಲೇಸು.

ಮೂರನೆಯದು ನೀರು, ಅದಕ್ಕೆ ಸ್ವಲ್ಪ ವಿವರ ಬೇಕು. ನಮ್ಮ ಮನೆಗಳಿಗೆ ಹಾಸಿದ ಶಹಾಬಾದಿ ಫರಸಿ ಯಾವ ಸುಣ್ಣದ ಕಲ್ಲೋ, ಸಿಮೆಂಟ್ ಫ್ಯಾಕ್ಟರಿಗಳು ಅರೆಯುವುದೂ ಅದೇ ಜಾತಿಯ ಕಲ್ಲು, ಈ ಭಾಗದ ಎಷ್ಟೋ ಬೋರುಗಳ ನೀರಲ್ಲಿ ಕರಗಿ ಬರುವುದೂ ಅದೇ ಸುಣ್ಣ. ಗೀಸರ್ ಕಾಯಿಲ್ ಮೇಲೆ ಕೂತ ಬಿಳಿ ಹೆಪ್ಪು ನೋಡಿದ್ದೀರಲ್ಲ, ಅದು ಕಾರಿನ ಗಾಜಿನ ಮೇಲೂ ಕೂರುತ್ತದೆ, ಹನಿಹನಿಯಾಗಿ. ಒಳ್ಳೆಯ ಮಶೀನುಗಳಲ್ಲಿ ಕೊನೆಯ ಸುತ್ತಿಗೆ ಆರ್‌ಒ ನೀರು ಬಿಡುತ್ತಾರೆ. ಅದರ ಟಿಡಿಎಸ್, ಅಂದರೆ ಒಂದು ಲೀಟರ್ ನೀರಲ್ಲಿ ಕರಗಿದ ಲವಣಗಳ ಮಿಲಿಗ್ರಾಂ ಲೆಕ್ಕ, 50ರ ಒಳಗಿದ್ದರೆ ಒರೆಸದಿದ್ದರೂ ಕಲೆ ಉಳಿಯುವುದು ಕಡಿಮೆ. ಕುಡಿಯುವ ನೀರಿಗೇ ಭಾರತೀಯ ಮಾನಕ 500ರವರೆಗೆ ಒಪ್ಪುತ್ತದೆ ಅಂದಮೇಲೆ, ಕುಡಿಯಲು ಚೆನ್ನಾಗಿರುವ ನೀರೂ ಗಾಡಿಯ ಕೊನೆಯ ಸುತ್ತಿಗೆ ಸಾಲದು. ಪೆನ್ನಿನಂಥ ಟಿಡಿಎಸ್ ಮೀಟರು ಆನ್‌ಲೈನಿನಲ್ಲಿ ಸಿಗುತ್ತದೆ, ನಾನೊಂದನ್ನು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮೊದಲ ಸಲ ಅದನ್ನು ಬಕೆಟ್ಟಿನಲ್ಲಿ ಅದ್ದಿದಾಗ ಅಲ್ಲಿದ್ದ ಹುಡುಗ “ಸರ, ಗಾಡಿಗಿ ಜ್ವರ ನೋಡ್ಲಿಕ್ಹತ್ತೀರೇನ್ರಿ?” ಅಂತ ನಕ್ಕ. ನೀರು ಗಡಸಾಗಿದ್ದರೂ ಪರವಾಗಿಲ್ಲ, ಗಾಳಿಯಿಂದಲೋ, ಟಚ್‌ಲೆಸ್ ಅಲ್ಲದಿದ್ದರೆ ಮೈಕ್ರೋಫೈಬರ್ ಬಟ್ಟೆಯಿಂದಲೋ ಕೂಡಲೇ ಒಣಗಿಸುವ ಜಾಗವಾದರೆ ಸಾಕು.

ನೀರು ತಿರುಗಿ ಬಳಸುವ ಟಾಂಕಿ ಇದ್ದರೆ ನನಗೆ ಸಂತೋಷ, ಆದರೆ ಕೊನೆಯ ಸುತ್ತಿಗೆ ಹೊಸ ನೀರೇ ಇರಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ನೆನಪಿರಬಹುದು. ಬ್ಯಾಸಗಿಯಲ್ಲಿ ನಳದ ನೀರಿಗೆ ಕಾಯುವ ನಮಗೆ ಇದನ್ನು ದಂಡ ಹಾಕಿ ಹೇಳಬೇಕಿಲ್ಲ. ನಮ್ಮ ಮನೆಯ ಪೈಪಿಗೆ ಬಕೆಟ್ ಹಿಡಿದು ಅಳೆದೆ, 15 ಲೀಟರಿನದು ಒಂದು ನಿಮಿಷದಲ್ಲಿ ತುಂಬಿತು. ಹತ್ತು ನಿಮಿಷ ಪೈಪು ಹಿಡಿದು ನಿಂತರೆ 150 ಲೀಟರ್. ಮನೆಗೆ ತರುವ ಸಣ್ಣ ಪ್ರೆಶರ್ ವಾಶರುಗಳು ನಿಮಿಷಕ್ಕೆ ಆರೇಳು ಲೀಟರಿನಲ್ಲೇ ಕೆಲಸ ಮುಗಿಸುತ್ತವೆ.

ಹೊತ್ತು ನೋಡಿ ಹೋಗಿ

ಏಪ್ರಿಲ್–ಮೇನಲ್ಲಿ ಇಲ್ಲಿ ಬಿಸಿಲು 42–43 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಬಾನೆಟ್ ಮೇಲೆ ಕೈ ಇಡಲಾಗುವುದಿಲ್ಲ. ಆ ತಗಡಿನ ಮೇಲೆ ಹಾಕಿದ ನೊರೆ ಕೊಳೆ ಬಿಡಿಸುವ ಮುಂಚೆಯೇ ಒಣಗಿ ಕಲೆಯಾಗುತ್ತದೆ, ಟಚ್‌ಲೆಸ್‌ನ ಖಾರ ನೊರೆಯಂತೂ ಇನ್ನೂ ಬೇಗ. ಮುಂಜಾನೆ ಒಂಬತ್ತರೊಳಗೆ ಅಥವಾ ಸಂಜೆ ಆರರ ಮೇಲೆ ಹೋಗಿ. ದೂರದಿಂದ ಓಡಿಸಿಕೊಂಡು ಬಂದಿದ್ದರೆ ಅರ್ಧ ತಾಸು ನೆರಳಲ್ಲಿ ನಿಲ್ಲಿಸಿ. ಕಾದ ಬ್ರೇಕ್ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಬಾಗುವ ಭಯವೂ ಇದೆ.

ಖಂಡೇಪೂಜೆಯ (ಆಯುಧಪೂಜೆಯ) ಹಿಂದಿನ ದಿನ ಮಾತ್ರ ದಯವಿಟ್ಟು ಯಾವ ಸೆಂಟರಿಗೂ ಹೋಗಬೇಡಿ. ರಿಂಗ್ ರೋಡಿನುದ್ದಕ್ಕೂ ಸಾಲು, ಒಂದೇ ಬಕೆಟ್, ಒಂದೇ ಅರಿವೆ, ಮೂವತ್ತು ಗಾಡಿ. ಮೂರು ದಿನ ಮೊದಲೇ ತೊಳೆಸಿಟ್ಟು, ಅವತ್ತು ಮನೆಯಲ್ಲೇ ನೀರು ಹಾಕಿಕೊಂಡರೆ ದೇವರೇನೂ ಸಿಟ್ಟಾಗುವುದಿಲ್ಲ. ಕುಂಕುಮ, ಅರಿಷಿಣ, ಲಿಂಬೆರಸ ಬಾನೆಟ್ ಮೇಲೆ ಬಿಸಿಲಿಗೆ ಒಣಗಲು ಬಿಡದೆ ಸಂಜೆಯೇ ನೀರು ಹಾಕಿ. ಹೋಳಿ ಬಣ್ಣಕ್ಕೂ ಇದೇ ಮಾತು.

ಒಳಗೆ ಬಿಡುವ ಮುನ್ನ

ಬ್ರಶ್ ಮಶೀನಿಗೆ ಕನ್ನಡಿ ಮಡಚಿ, ಛಾವಣಿಯ ಉದ್ದ ಆಂಟೆನಾ ತಿರುಗಿಸಿ ಬಿಚ್ಚಿಡಿ. ಕ್ಯಾರಿಯರ್ ಹಾಕಿದ್ದರೆ, ಬಂಪರ್ ಒಂದು ಕಡೆ ಬಿಟ್ಟಿದ್ದರೆ, ನಂಬರ್ ಪ್ಲೇಟು ಅಲುಗಾಡುತ್ತಿದ್ದರೆ ಬ್ರಶ್ಶೇ ಬೇಡ. ಮಳೆ ಬಂದರೆ ತಾನೇ ಓಡುವ ವೈಪರ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಬ್ರಶ್ ಮೈಮೇಲೆ ಇರುವಾಗ ಅದು ಎದ್ದು ನಿಲ್ಲುತ್ತದೆ. ಪೆಟ್ರೋಲ್ ಮುಚ್ಚಳ, ಎಲೆಕ್ಟ್ರಿಕ್ ಗಾಡಿಯಾದರೆ ಚಾರ್ಜಿಂಗ್ ಮುಚ್ಚಳ ಗಟ್ಟಿಯಾಗಿ ಕೂತಿದೆಯೋ ನೋಡಿ. ಕಾಲು ಆಡಿಸಿದರೆ ಡಿಕ್ಕಿ ತೆಗೆಯುವ ಗಾಡಿಯಾದರೆ ಕೀಲಿಯನ್ನು ದೂರ ಇಟ್ಟುಕೊಳ್ಳಿ.

ಗೇರಿನ ವಿಷಯದಲ್ಲಿ ಜನ ಎಡವುತ್ತಾರೆ. ಕಮಾನು ಓಡಾಡುವ ಮಶೀನಿನಲ್ಲಿ ಗಾಡಿ ಅಲುಗಬಾರದು: ಎಂಜಿನ್ ಬಂದ್, ಹ್ಯಾಂಡ್‌ಬ್ರೇಕ್ ಹಾಕಿ, ಆಟೋಮ್ಯಾಟಿಕ್ ಆದರೆ ಪಾರ್ಕಿನಲ್ಲಿ ಇಡಿ. ಟನೆಲ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ: ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಡಬೇಕು, ಬ್ರೇಕಿನ ಮೇಲಿಂದ ಕಾಲು ತೆಗೆಯಬೇಕು, ಸ್ಟೇರಿಂಗ್ ಮುಟ್ಟಬಾರದು. ಹೊಸ ಗಾಡಿಗಳಲ್ಲಿ ಆಟೋ ಹೋಲ್ಡ್ ತಾನೇ ಬ್ರೇಕ್ ಹಿಡಿದುಬಿಡುತ್ತದೆ, ಎಂಜಿನ್ ಆಫ್ ಮಾಡಿದರೆ ಕೆಲವು ತಾವೇ ಪಾರ್ಕಿಗೆ ಹೋಗುತ್ತವೆ. ಹಿಂದೆ ಸಾಲುಗಟ್ಟಿ ಗಾಡಿ ಬರುತ್ತಿರುವಾಗ ಇದು ಅಪಾಯ. ತಾನೇ ಬ್ರೇಕ್ ಹಾಕುವ ಸುರಕ್ಷಾ ವ್ಯವಸ್ಥೆಗೂ ಬ್ರಶ್ಶು ಅಡ್ಡಬಂದ ಎಮ್ಮೆಯ ಹಾಗೆ ಕಾಣಬಹುದು. ಮ್ಯಾನ್ಯುಯಲ್ ಪುಸ್ತಕದಲ್ಲಿ ಇದಕ್ಕೊಂದು ಪುಟ ಇರುತ್ತದೆ, ಮನೆಯಲ್ಲೇ ಓದಿಕೊಂಡು ಹೋಗಿ.

ಡೆಂಟಿಂಗ್ ಪೇಂಟಿಂಗ್ ಮಾಡಿಸಿ ಒಂದು ತಿಂಗಳಾಗಿಲ್ಲದಿದ್ದರೆ ಯಾವ ಮಶೀನೂ ಬೇಡ. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಬ್ರಶ್ ಎಂದಿಗೂ ಬೇಡ, ಅದರ ಗೆರೆಯನ್ನು ಪಾಲಿಶ್ ಮಾಡಿ ತೆಗೆಯಲೂ ಬರುವುದಿಲ್ಲ.

ರ‍್ಯಾಂಪಿಗೆ ಕೊಟ್ಟರೆ ಹೇಳಬೇಕಾದ ಮಾತು

ಮೊನ್ನೆ ಆಗಸ್ಟಿನಲ್ಲಿ ಮತ್ತೆ ಅದೇ ರಾಡಿ ಹೊತ್ತು ಬಂದೆ. ಸೆಂಟರಿನ ಹುಡುಗ ಗಾಡಿ ನೋಡಿದವನೇ ಉದ್ದ ಹಿಡಿಯ ಬ್ರಶ್ ಕೈಗೆತ್ತಿಕೊಂಡ. “ಜಗ್ಗಿ ತಿಕ್ಲಿಲ್ಲಂದ್ರ ಈ ರಾಡಿ ಹೋಗಂಗಿಲ್ರಿ ಸರ.” “ತಮ್ಮಾ, ಬ್ರಶ್ ಅಲ್ಲೇ ಇಡು. ಮೊದ್ಲ ನೀರ್ ಹೊಡಿ, ಆಮ್ಯಾಲ ನೊರಿ ಹಾಕು. ಚಾ ಕುಡ್ದು ಬರೂಣು.” ಇಬ್ಬರೂ ಹೋಗಿ ಕುಡಿದು ಬಂದೆವು. ಎರಡನೇ ಸಲ ಗನ್ ಹಿಡಿದಾಗ ಮಡ್‌ಗಾರ್ಡಿನೊಳಗಿನಿಂದ ಅಂಗೈಯಷ್ಟು ದೊಡ್ಡ ಹೆಂಟೆ ಧಪ್ ಅಂತ ಕಾಲ ಬುಡಕ್ಕೆ ಬಿತ್ತು, ಅದರಲ್ಲಿ ಒಂದು ತೊಗರಿ ಸಸಿಯ ಬೇರೂ ಇತ್ತು. ಹುಡುಗ ನನ್ನ ಮುಖ ನೋಡಿದ, ಏನೂ ಅನ್ನಲಿಲ್ಲ.

ನೀರು ಮೇಲಿನಿಂದ ಕೆಳಕ್ಕೆ ಹೊಡೆಯಲಿ, ಗನ್ ಮೈಯಿಂದ ಒಂದಡಿಯಾದರೂ ದೂರ ಇರಲಿ. ಟೈರಿನ ಪಕ್ಕದ ಗೋಡೆ, ಬಾಗಿಲ ರಬ್ಬರು, ಸ್ಟಿಕ್ಕರಿನ ಅಂಚು, ಬಣ್ಣದ ಮೇಲೆ ಅಂಟಿಸಿದ ರಕ್ಷಣಾ ಫಿಲ್ಮಿನ ಅಂಚಿಗೆ ಹತ್ತಿರದಿಂದ ಹೊಡೆದರೆ ಎದ್ದುಬರುತ್ತದೆ. ಎಂಜಿನ್ನಿನೊಳಗೆ ಪ್ರೆಶರ್ ಬೇಡವೇ ಬೇಡ. ಅಲ್ಲಿ ಆಲ್ಟರ್ನೇಟರ್ ಇದೆ, ಫ್ಯೂಸ್ ಡಬ್ಬಿ ಇದೆ, ಈಗಿನ ಗಾಡಿಯ ಮಿದುಳೇ ಅಲ್ಲಿ ಕೂತಿರುತ್ತದೆ. ಎಲೆಕ್ಟ್ರಿಕ್ ಗಾಡಿಯ ಕೆಳಗೆ ಕಿತ್ತಳೆ ಬಣ್ಣದ ವೈರು ಕಂಡಲ್ಲಿ ಗನ್ ತೋರಿಸಬಾರದು.

ಕೊನೆಗೆ ಕೆಳಗೆಲ್ಲ ಡೀಸೆಲ್ ಸ್ಪ್ರೇ ಹೊಡೆದು “ತುಕ್ಕು ಹಿಡಿಯಲ್ರಿ” ಅನ್ನುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ಕಪ್ಪಗೆ ಮಿರಮಿರ ಮಿಂಚುತ್ತದೆ, ನಿಜ. ಆದರೆ ಡೀಸೆಲ್ ರಬ್ಬರ್ ಬುಶ್ಶುಗಳನ್ನು ಹಾಳುಮಾಡುತ್ತದೆ, ಹೊರಗೆ ಬಂದ ಹತ್ತು ಕಿಲೋಮೀಟರಿನಲ್ಲಿ ಅದರ ಮೇಲೆ ಧೂಳಿನ ಹೋಳಿಗೆಯೇ ಅಂಟುತ್ತದೆ. ಬೇಡ ಅಂತ ಮೊದಲೇ ಹೇಳಿ.

ನಾನು ವರ್ಷಪೂರ್ತಿ ಮಾಡುವುದು

ಜೂನ್‌ನಿಂದ ಅಕ್ಟೋಬರ್‌ವರೆಗೆ ರ‍್ಯಾಂಪು, ನೆನೆಸಿ ತೊಳೆಯುವುದು, ಹೊಲಕ್ಕೆ ಹೋದ ಪ್ರತಿ ಸಲ ಕೆಳಭಾಗ. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿಯ ಹೊಟ್ಟು ವೈಪರಿನ ಕೆಳಗಿನ ಜಾಲರಿಯಲ್ಲಿ ತುಂಬುತ್ತದೆ, ಅದನ್ನು ಮೊದಲು ಒಣಗಿದ್ದಾಗಲೇ ಬಳಿದು ತೆಗೆದು ಆಮೇಲೆ ಫೋಮ್ ಬ್ರಶ್ ಮಶೀನಿಗೆ ಕೊಡುತ್ತೇನೆ. ಆ ದಿನಗಳಲ್ಲಿ ಬಿಡಿ ಧೂಳೇ ಹೆಚ್ಚು, ನೀರು ಹೊಡೆದು ಬಿಟ್ಟರೆ ಬ್ರಶ್ ಏನೂ ಮಾಡುವುದಿಲ್ಲ. ಮಾರ್ಚ್ ಆದಮೇಲೆ ಎರಡು ಬಕೆಟ್ ನೀರಲ್ಲಿ ಮನೆಯಲ್ಲೇ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಅರಿವೆ ತೊಳೆಯಲು ಬರೀ ನೀರು. ಟಚ್‌ಲೆಸ್‌ಗೆ ಹೋಗುವುದು ಊರಿಂದೂರಿಗೆ ಓಡಾಡುವಾಗ ನಡುವೆ, ಅದೂ ಕೆಳಗೆ ರಾಡಿ ಇಲ್ಲದಿದ್ದರೆ.

ಹೊರಗೆ ಬಂದ ಮೇಲೆ

ಗೇಟು ದಾಟುವ ಮುಂಚೆ ಗಾಡಿಯನ್ನು ಒಂದು ಸುತ್ತು ಹಾಕಿ: ಕನ್ನಡಿ, ಆಂಟೆನಾ, ವೈಪರ್, ನಂಬರ್ ಪ್ಲೇಟು, ಹಿಂದಿನ ವೈಪರಿನ ಮುಚ್ಚಳ. ಬಾಗಿಲು ತೆಗೆದು ಸಂದಿಯಲ್ಲಿ ನಿಂತ ನೀರು ಒರೆಸಿ, ಕಾರ್ಪೆಟ್ ಒದ್ದೆಯಾಗಿದ್ದರೆ ಬಾಗಿಲ ರಬ್ಬರ್ ಕೆಟ್ಟಿರಬಹುದು. ಬರುವ ಮೊದಲೇ ಮೊಬೈಲಿನಲ್ಲಿ ನಾಲ್ಕೂ ಬದಿಯ ಫೋಟೋ ತೆಗೆದಿಟ್ಟಿದ್ದರೆ ಮಾತು ಬೇಗ ಮುಗಿಯುತ್ತದೆ. ರಸ್ತೆಗೆ ಇಳಿದ ಕೂಡಲೇ ಹಿಂದೆ ಗಾಡಿ ಇಲ್ಲದಾಗ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ, ಒದ್ದೆ ಬ್ರೇಕ್ ಮೊದಲ ಸಲ ಸ್ವಲ್ಪ ಜಾರುತ್ತದೆ. ಗೆರೆ ಬಿದ್ದಿದೆಯೋ ಇಲ್ಲವೋ ಹಗಲಲ್ಲಿ ನೆರಳಿನಲ್ಲಿ ಕಾಣುವುದಿಲ್ಲ, ಸಂಜೆ ಪೆಟ್ರೋಲ್ ಹಾಕಿಸುವಾಗ ಬಂಕಿನ ಲೈಟಿನ ಕೆಳಗೆ ಬಾಗಿ ನೋಡಿ.